ರೀಲ್ಸ್‌ನಲ್ಲಿ ಮಾತು, ಹಾಡು, ಸದ್ದು ಒಂದರ ಮೇಲೊಂದು: ಎಲ್ಲಿ ಕೆಟ್ಟಿದೆ ಎಂದು ಹಿಡಿಯುವುದು ಹೇಗೆ

ಒಂದು ನಿಮಿಷದ ಅಡುಗೆ ರೀಲ್ ಎಂದರೆ ಕಡಿಮೆಯೆಂದರೂ ಮೂರು ಲೇಯರ್ ಸೌಂಡ್. ಆಮೇಲೆ ಕೂತು ಹೇಳಿದ ವಾಯ್ಸ್ ಓವರ್, ಕ್ಯಾಮೆರಾದಲ್ಲೇ ಬಂದ ಒಗ್ಗರಣೆಯ ಚಟಪಟ, ಹಿಂದೆ ಒಂದು ಬಿಜಿಎಂ (ಹಿನ್ನೆಲೆ ಸಂಗೀತ). ಬಿಡಿಬಿಡಿಯಾಗಿ ಕೇಳಿದರೆ ಮೂರೂ ಚೆನ್ನಾಗಿವೆ. ಸೇರಿಸಿದ ಮೇಲೆ ಮಾತು ತಗಡಿನ ಡಬ್ಬದಿಂದ ಬಂದ ಹಾಗೆ, ಒಗ್ಗರಣೆ ಇದ್ದೂ ಇಲ್ಲದ ಹಾಗೆ, ದನಿ ತುಟಿಗಿಂತ ಮುಂದೆ ಓಡಿದ ಹಾಗೆ. ಆಗ ಎಲ್ಲರ ಕೈ ಹೋಗುವುದು ವಾಲ್ಯೂಮ್ ಸ್ಲೈಡರ್‌ಗೆ. ಅಲ್ಲೇ ಎಡವುವುದು. ವಾಲ್ಯೂಮ್ ತಿದ್ದಿದರೆ ಸರಿಹೋಗುವ ದೋಷಗಳು ಕಡಿಮೆ. ಉಳಿದವು ರೆಕಾರ್ಡಿಂಗಿನಲ್ಲೋ ಫೈಲಿನಲ್ಲೋ ಇರುತ್ತವೆ, ಇಲ್ಲವೇ ಒಂದೇ ಸದ್ದು ನಿಮಗೆ ಗೊತ್ತಿಲ್ಲದೆ ಎರಡು ಲೇಯರ್‌ಗಳಲ್ಲಿ ಕೂತಿರುತ್ತದೆ.

ಕೈನ್‌ಮಾಸ್ಟರ್, ವಿಎನ್, ಇನ್‌ಶಾಟ್‌ನಂಥ ಫೋನ್ ಆ್ಯಪ್‌ಗಳಿಗೂ ಡಾವಿಂಚಿ ರಿಸಾಲ್ವ್‌ನಂಥ ಕಂಪ್ಯೂಟರ್ ಸಾಫ್ಟ್‌ವೇರ್‌ಗೂ ಇಲ್ಲಿರುವುದು ಹೊಂದುತ್ತದೆ. ಅಪ್‌ಡೇಟ್ ಬಂದಾಗಲೆಲ್ಲ ಬಟನ್‌ಗಳು ಜಾಗ ಬದಲಿಸುವುದರಿಂದ ಬಟನ್ ಎಲ್ಲಿದೆ ಎಂದು ಹೇಳುವ ಗೋಜಿಗೆ ಹೋಗಿಲ್ಲ.

ಏನನ್ನೂ ತಿದ್ದುವ ಮೊದಲು

ಬ್ಲೂಟೂತ್ ಇಯರ್‌ಬಡ್ ತೆಗೆದಿಡಿ, ವೈರ್ ಇರುವ ಇಯರ್‌ಫೋನ್ ಹಾಕಿ. ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಕಿವಿ ಸೇರುವುದು ಮಾಮೂಲು. ವಿಡಿಯೊ ನೋಡುವ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸಿ ಇದನ್ನು ಮುಚ್ಚಿಹಾಕುತ್ತವೆ. ಎಡಿಟಿಂಗ್ ಟೈಮ್‌ಲೈನ್ ಹಾಗೆ ಮಾಡೀತೆಂಬ ಖಾತರಿ ಇಲ್ಲ. ಕಿವಿ ನಂಬಿ ಆಡಿಯೊ ಕ್ಲಿಪ್ಪನ್ನು ಆರು ಫ್ರೇಮ್ ಹಿಂದಕ್ಕೆ ಎಳೆದಿರೋ, ಸರಿಯಿದ್ದ ವಿಡಿಯೊ ಆರು ಫ್ರೇಮ್ ಕೆಟ್ಟು ಎಕ್ಸ್‌ಪೋರ್ಟ್ ಆಗುತ್ತದೆ. ಸಿಂಕ್ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ.

ಆಮೇಲೆ ಅದೇ ಹತ್ತು ಸೆಕೆಂಡನ್ನು ನಾಲ್ಕು ಜಾಗದಲ್ಲಿ ಕೇಳಿ: ಗ್ಯಾಲರಿಯಲ್ಲಿರುವ ಮೂಲ ಫೈಲ್, ಟೈಮ್‌ಲೈನ್, ಎಕ್ಸ್‌ಪೋರ್ಟ್ ಆದ ಫೈಲ್, ಅಪ್‌ಲೋಡ್ ಆದ ವಿಡಿಯೊ. ದೋಷ ಮೊದಲು ಎಲ್ಲಿ ಕೇಳಿಸಿತೋ ಅದರ ಹಿಂದಿನ ಹಂತದವರೆಗೆ ಎಲ್ಲವೂ ನೆಟ್ಟಗಿದೆ ಎಂದರ್ಥ. ಮೂಲ ಫೈಲಿನಲ್ಲೇ ಮಾತು ಒಡೆದಿದ್ದರೆ ಟೈಮ್‌ಲೈನಿನಲ್ಲಿ ಎಷ್ಟು ಒದ್ದಾಡಿದರೂ ಬರುವುದು ಅಷ್ಟರಲ್ಲೇ ಇದೆ.

ದೋಷ ಟೈಮ್‌ಲೈನ್‌ನಲ್ಲಿ ಶುರುವಾಗುತ್ತಿದ್ದರೆ ಲೇಯರ್‌ಗಳನ್ನು ಮ್ಯೂಟ್ ಮಾಡುತ್ತ ಬನ್ನಿ. ಮೂರು ಲೇಯರ್ ಇದ್ದರೆ ಒಂಟಿಯಾಗಿ ಮೂರು ಸಲ, ಜೋಡಿಯಾಗಿ ಮೂರು ಸಲ. ಐದು ನಿಮಿಷದ ಕೆಲಸ. ಒಂಟಿಯಾಗಿಯೇ ಕೆಟ್ಟು ಕೇಳಿದರೆ ಆ ರೆಕಾರ್ಡಿಂಗ್ ಕೆಟ್ಟಿದೆ. ಒಂಟಿಯಾಗಿ ಚೆನ್ನಾಗಿದ್ದು ಜೋಡಿಯಲ್ಲಿ ಕೆಟ್ಟರೆ ಎರಡೂ ಲೇಯರ್‌ಗಳಲ್ಲಿ ಒಂದೇ ಸದ್ದಿದೆ, ಇಲ್ಲವೇ ಎರಡೂ ಒಂದೇ ಕಂಪನಾಂಕದ ಜಾಗಕ್ಕೆ ಕಿತ್ತಾಡುತ್ತಿವೆ. ಮೂರೂ ಸೇರಿದಾಗ ಮಾತ್ರ ಒಡೆದರೆ ಒಟ್ಟು ಮಟ್ಟ ಮೀರಿದೆ. ವಾಲ್ಯೂಮ್ ಸ್ಲೈಡರ್‌ಗೆ ಮುಖ್ಯವಾಗಿ ಕೆಲಸ ಇರುವುದು ಇಲ್ಲಿ.

ಇನ್ನೊಂದು ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ, ಬಲ ಎರಡೂ ಕಡೆಯ ಸದ್ದನ್ನು ಒಂದಾಗಿಸುವ ಮೋನೋ ಆಡಿಯೊ ಎಂಬ ಆಯ್ಕೆ ಇರುತ್ತದೆ, ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ. ಅದನ್ನು ಆನ್ ಮಾಡಿ ಒಮ್ಮೆ ಪೂರ್ತಿ ಕೇಳಿ. ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ನಿಮ್ಮ ರೀಲ್ ಹೇಗೆ ಕೇಳಿಸುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮಾತು ಡಬ್ಬದೊಳಗಿಂದ ಬಂದ ಹಾಗಿದೆ

ಕಾಲರ್ ಮೈಕ್‌ನಲ್ಲಿ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿದ ಮಾತು ಒಂದು ಲೇಯರ್. ಅದೇ ಮಾತು ಕ್ಯಾಮೆರಾ ಫೋನಿನ ಒಳಮೈಕಿಗೂ ಬಿದ್ದಿದೆ, ಅದು ಇನ್ನೊಂದು ಲೇಯರ್. ಕ್ಲಿಪ್‌ನಿಂದ ಆಡಿಯೊ ಬೇರ್ಪಡಿಸಿದ ಮೇಲೆ ಮೂಲ ಕ್ಲಿಪ್ ಮ್ಯೂಟ್ ಆಯಿತೇ ಎಂದು ನೋಡದಿದ್ದರೂ ಇದೇ ಕಥೆ. ಎರಡೂ ಸೇರಿದಾಗ ಎಕೋ ಅನ್ನಿಸುವುದಿಲ್ಲ. ಅದಕ್ಕೆ ಅಂತರ ಸಾಲದು. ಬದಲಿಗೆ ದನಿ ಟೊಳ್ಳಾಗುತ್ತದೆ.

ಇದರ ಲೆಕ್ಕ ಸುಲಭ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ 34 ಸೆಂಟಿಮೀಟರ್‌ಗೆ 1 ಮಿಲಿಸೆಕೆಂಡ್. ಬಾಯಿಂದ ಕಾಲರ್ ಮೈಕ್ 20 ಸೆಂಟಿಮೀಟರ್, ಫೋನ್ 1 ಮೀಟರ್ ದೂರ ಇದ್ದರೆ ವ್ಯತ್ಯಾಸ 80 ಸೆಂಟಿಮೀಟರ್, ಕಾಲದಲ್ಲಿ 2.3 ಮಿಲಿಸೆಕೆಂಡ್. ಇಷ್ಟು ತಡವಾದ ಅದೇ ದನಿ ಮೇಲೆ ಬಿದ್ದಾಗ ಸುಮಾರು 215, 645, 1075 ಹರ್ಟ್ಜ್ ಕಂಪನಾಂಕಗಳಲ್ಲಿ ಒಂದರ ಅಲೆಯ ಏರು ಇನ್ನೊಂದರ ಇಳಿವಿಗೆ ಸಿಕ್ಕಿ ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗೇ ಮೇಲಕ್ಕೂ ಸಾಲಾಗಿ ಕುಳಿ ಬೀಳುತ್ತ ಹೋಗುತ್ತದೆ. ಮೊದಲ ಕುಳಿಗಳು ಬಿದ್ದಿರುವುದು ಮನುಷ್ಯನ ದನಿಯ ತಿರುಳಿನಲ್ಲೇ. ಈಕ್ವಲೈಸರ್‌ನಿಂದ (ಬೇರೆಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಸಾಧನ) ತುಂಬಲು ಹೋಗಬೇಡಿ. ರದ್ದಾದ ಕಡೆ ಎತ್ತಲು ಏನೂ ಉಳಿದಿಲ್ಲ.

ಮದ್ದು ಒಂದೇ: ಮಾತು ಒಂದೇ ಲೇಯರ್‌ನಲ್ಲಿರಲಿ. ಕ್ಯಾಮೆರಾ ಟ್ರ್ಯಾಕ್ ಒಗ್ಗರಣೆಗೋಸ್ಕರ ಬೇಕೇ ಬೇಕು ಅನ್ನುವುದಾದರೆ ಅದನ್ನು ತುಂಡು ಮಾಡಿ, ಮಾತಿರುವ ತುಂಡುಗಳನ್ನು ಮ್ಯೂಟ್ ಮಾಡಿ, ಉಳಿದವುಗಳ ಎರಡೂ ತುದಿಗೆ 100 ಮಿಲಿಸೆಕೆಂಡ್ ಫೇಡ್ ಕೊಡಿ. ಕತ್ತರಿಸಲು ಸಾಧ್ಯವೇ ಇಲ್ಲದಿದ್ದರೆ ಕ್ಯಾಮೆರಾ ಟ್ರ್ಯಾಕನ್ನು ಕಾಲರ್ ಮೈಕ್‌ಗಿಂತ ಕನಿಷ್ಠ 10 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಕೆಳಗಿಡಿ. ಆಗ ಕುಳಿಯ ಆಳ 3 ಡಿಬಿ ಆಸುಪಾಸಿಗೆ ಇಳಿಯುತ್ತದೆ, ಕಿವಿಗೆ ಅಷ್ಟಾಗಿ ಚುಚ್ಚುವುದಿಲ್ಲ.

ಕೆಲವೊಮ್ಮೆ ಲೇಯರ್ ಒಂದೇ ಇದ್ದರೂ ದನಿ ದೂರದಿಂದ ಬಂದ ಹಾಗಿರುತ್ತದೆ. ಆಗ ಅನುಮಾನ ಹೋಗಬೇಕಾದ್ದು ಪಿನ್ನಿನ ಮೇಲೆ. ಕಾಲರ್ ಮೈಕಿನ 3.5 ಎಂಎಂ ಪಿನ್ನಿನಲ್ಲಿ ಕಪ್ಪು ಗೆರೆ ಮೂರಿದ್ದರೆ ಅದು ಫೋನಿಗೆ, ಎರಡಿದ್ದರೆ ಕ್ಯಾಮೆರಾಗೆ. ಎರಡು ಗೆರೆಯ ಪಿನ್ ಫೋನಿಗೆ ಸಿಕ್ಕಿಸಿದರೆ ಫೋನ್ ಅದನ್ನು ಮೈಕ್ ಎಂದು ಗುರುತಿಸದೆ ತನ್ನ ಒಳಮೈಕನ್ನೇ ಬಳಸುತ್ತದೆ. ಬೋಯಾ ಬಿವೈ-ಎಂ1 ತರಹದ ಮೈಕ್‌ಗಳಲ್ಲಿ ಫೋನ್–ಕ್ಯಾಮೆರಾ ಸ್ವಿಚ್ ಇರುತ್ತದೆ, ಅದು ಯಾವ ಕಡೆಗಿದೆ ನೋಡಿ. ರೆಕಾರ್ಡಿಂಗ್ ಹಾಕಿ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಫೋನಿನ ತಳದ ತೂತಿನ ಹತ್ತಿರ ಕೆರೆಯಿರಿ. ತಿರುಗಿಸಿ ಕೇಳಿದಾಗ ಯಾವ ಕೆರೆತ ಜೋರಾಗಿದೆಯೋ ಅದೇ ರೆಕಾರ್ಡ್ ಆಗುತ್ತಿರುವ ಮೈಕ್. ಪ್ರತಿ ಶೂಟಿಗೂ ಮೊದಲು ಹತ್ತು ಸೆಕೆಂಡ್ ಇದಕ್ಕೆ ಕೊಡಿ.

ಇಯರ್‌ಫೋನಿನಲ್ಲಿ ಮಾತಿದೆ, ಫೋನ್ ಸ್ಪೀಕರ್‌ನಲ್ಲಿ ಇಲ್ಲ

ಬಿಜಿಎಂ ಕೇಳುತ್ತದೆ, ಒಗ್ಗರಣೆ ಕೇಳುತ್ತದೆ, ಮಾತು ಮಾತ್ರ ಮಾಯ. ನೋಡಿದವರು ವಾಯ್ಸ್ ಹಾಕುವುದನ್ನೇ ಮರೆತಿದ್ದೀರಾ ಎಂದು ಕೇಳುತ್ತಾರೆ. ನಿಮ್ಮ ಇಯರ್‌ಫೋನಿನಲ್ಲಿ ಎಲ್ಲ ಸರಿಯಾಗಿದೆ, ಸ್ವಲ್ಪ ತಲೆಯ ಸುತ್ತ ಹರಡಿದ ಹಾಗೆ ಕೇಳುತ್ತದೆ ಅಷ್ಟೇ.

ಕಾರಣ ಪೊಲಾರಿಟಿ, ಅಂದರೆ ಅಲೆ ನೇರವಾಗಿದೆಯೋ ತಲೆಕೆಳಗಾಗಿದೆಯೋ ಎಂಬುದು. ಬ್ಯಾಲೆನ್ಸ್ಡ್ ಮೈಕ್ ಕೇಬಲ್‌ನಲ್ಲಿ ಒಂದೇ ಸಿಗ್ನಲ್ ಎರಡು ತಂತಿಗಳಲ್ಲಿ ಹೋಗುತ್ತದೆ, ಒಂದು ನೇರ, ಇನ್ನೊಂದು ತಲೆಕೆಳಗು. ಸಭಾಭವನದ ಮಿಕ್ಸರ್‌ನಿಂದ ಲೈನ್ ತೆಗೆದುಕೊಂಡು ಅಗ್ಗದ ಕನ್ವರ್ಟರ್ ಪಿನ್ ಮೂಲಕ ರೆಕಾರ್ಡರ್‌ನ ಸ್ಟೀರಿಯೋ ಇನ್‌ಪುಟ್‌ಗೆ ಕೊಟ್ಟರೆ ನೇರವಾದದ್ದು ಎಡ ಚಾನೆಲ್‌ಗೆ, ತಲೆಕೆಳಗಾದದ್ದು ಬಲ ಚಾನೆಲ್‌ಗೆ ಬಂದು ಕೂರುತ್ತದೆ. ಎಡಗಿವಿಗೊಂದು ಬಲಗಿವಿಗೊಂದು ಹೋಗುವವರೆಗೆ ತೊಂದರೆಯಿಲ್ಲ. ಒಂದೇ ಸ್ಪೀಕರಿನ ಫೋನ್ ಎರಡನ್ನೂ ಕೂಡಿಸುತ್ತದೆ. ಕೂಡಿದರೆ ಉತ್ತರ ಸೊನ್ನೆ. ಮೇಲೆ ಹೇಳಿದ ಮೋನೋ ಪರೀಕ್ಷೆಯಲ್ಲಿ ಮಾತು ಮಾಯವಾದರೆ ಬೇರೇನನ್ನೂ ಹುಡುಕಬೇಕಿಲ್ಲ.

ಅಡಾಸಿಟಿ ಎಂಬ ಉಚಿತ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್ ತೆರೆದು ಅಲೆಯನ್ನು ಹಿಗ್ಗಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ: ಎಡದಲ್ಲಿ ಅಲೆ ಮೇಲೆದ್ದ ಕಡೆಯೆಲ್ಲ ಬಲದಲ್ಲಿ ಕೆಳಗಿಳಿದಿರುತ್ತದೆ, ಕೆರೆಯ ದಡದ ಗಿಡ ನೀರಲ್ಲಿ ಬಿಂಬಿಸಿದ ಹಾಗೆ. ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಕೊಟ್ಟು ಒಂದು ಚಾನೆಲ್ ಅಳಿಸಿ, ಉಳಿದದ್ದನ್ನು ಮೋನೋ ವೇವ್ (WAV) ಫೈಲಾಗಿ ಉಳಿಸಿ. ಒಂದು ಚಾನೆಲ್ಲಿಗೆ ಇನ್‌ವರ್ಟ್ ಕೊಟ್ಟರೂ ನಡೆಯುತ್ತದೆ, ಆದರೆ ಅಳಿಸುವುದೇ ನಿರಾಳ. ಆ್ಯಪ್‌ನಲ್ಲೇ ಮಾಡಬೇಕಿದ್ದರೆ ಎಡ ಚಾನೆಲ್ಲನ್ನೇ ಎರಡೂ ಕಡೆಗೆ ತುಂಬುವ ಆಯ್ಕೆ ಹುಡುಕಿ.

ಮಾತು ಪೂರ್ತಿ ಹೋಗದೆ ಒಂದೇ ಕಿವಿಗೆ ಬರುತ್ತಿದ್ದರೆ ಅದು ಬೇರೆ ದೋಷ. ಎರಡು ಟ್ರಾನ್ಸ್‌ಮಿಟರ್ ಇರುವ ವೈರ್‌ಲೆಸ್ ಮೈಕ್ ಸೆಟ್ ಸ್ಟೀರಿಯೋ ಮೋಡ್‌ನಲ್ಲಿದ್ದರೆ ಒಬ್ಬರ ಮಾತು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಬೀಳುತ್ತದೆ. ರಿಸೀವರ್‌ನಲ್ಲಿ ಮೋನೋ ಮೋಡ್‌ಗೆ ಬದಲಿಸಿ. ರೆಕಾರ್ಡ್ ಆಗಿಬಿಟ್ಟಿದ್ದರೆ ಎರಡು ಚಾನೆಲ್ ಬಿಡಿಸಿ ಎರಡನ್ನೂ ನಡುವಿಗೆ ತನ್ನಿ. ಅದೇ ಸೆಟ್‌ನ ನಾಯ್ಸ್ ಕ್ಯಾನ್ಸಲ್ ಬಟನ್ ಅಡುಗೆಮನೆಯಲ್ಲಿ ಆಫ್ ಇರಲಿ. ಅದರ ಲೆಕ್ಕದಲ್ಲಿ ಒಗ್ಗರಣೆಯೂ ಗಲಾಟೆಯೇ.

ತುಟಿಗೂ ಮಾತಿಗೂ ತಾಳೆ ಇಲ್ಲ

ಸಿಂಕ್ ಕೆಟ್ಟಿದೆ ಎಂದು ಕ್ಲಿಪ್ ಜರುಗಿಸುವ ಮೊದಲು ಎರಡು ಕಡೆ ಅಳೆಯಿರಿ: ವಿಡಿಯೊದ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ. ಶೂಟಿಂಗ್‌ನಲ್ಲಿ ಮೊದಲೂ ಕೊನೆಗೂ ಒಂದೊಂದು ಚಪ್ಪಾಳೆ ಹೊಡೆದಿದ್ದರೆ ಅಳತೆ ಲೀಲಾಜಾಲ. ಇಲ್ಲದಿದ್ದರೆ ಪ, ಬ, ಮ ಇರುವ ಮಾತು ಹುಡುಕಿ. ತುಟಿ ಮುಚ್ಚಿ ತೆರೆಯುವ ಫ್ರೇಮ್ ಸ್ಪಷ್ಟವಾಗಿ ಸಿಗುತ್ತದೆ. 30 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 30 ಫ್ರೇಮ್) ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡ್.

ಶುರುವಿನಲ್ಲೂ ಕೊನೆಯಲ್ಲೂ ಅಂತರ ಒಂದೇ ಇದ್ದರೆ ಕ್ಲಿಪ್ ಅಷ್ಟು ಜರುಗಿಸಿದರೆ ಮುಗಿಯಿತು. ಹೆಚ್ಚಾಗಿ ಇದು ಎಡಿಟಿಂಗ್‌ನ ನಡುವೆ ಆಗುವುದು: ಆಡಿಯೊ ಜೋಡಿಸಿದ ಮೇಲೆ ಮುಂದಿನ ಕ್ಲಿಪ್ ಕತ್ತರಿಸಿದಿರಿ, ಇಲ್ಲವೇ ಎರಡು ಕ್ಲಿಪ್ ನಡುವೆ ಅರ್ಧ ಸೆಕೆಂಡಿನ ಟ್ರಾನ್ಸಿಷನ್ ಹಾಕಿದಿರಿ. ಕೆಲವು ಆ್ಯಪ್‌ಗಳಲ್ಲಿ ಟ್ರಾನ್ಸಿಷನ್ ಎರಡು ಕ್ಲಿಪ್‌ಗಳನ್ನು ಒಂದರ ಮೇಲೊಂದು ಎಳೆದು ಒಟ್ಟು ಉದ್ದವನ್ನೇ ಕಡಿಮೆ ಮಾಡುತ್ತದೆ. ಕೆಳಗಿನ ಆಡಿಯೊ ಲೇಯರ್ ಇದ್ದಲ್ಲೇ ಇರುತ್ತದೆ. ಚಿತ್ರದ ಕಟಿಂಗ್ ಪೂರ್ತಿ ಮುಗಿದ ಮೇಲೆ ಆಡಿಯೊ ಕೂರಿಸುವುದು ಇದಕ್ಕೇ.

ಶುರುವಿನಲ್ಲಿ ಸರಿಯಿದ್ದು ಹೋಗುತ್ತ ಹೋಗುತ್ತ ಅಂತರ ಬೆಳೆದರೆ ಎಷ್ಟು ಬೆಳೆಯಿತು ಎಂಬ ಅಂಕಿಯೇ ಕಾರಣ ಹೇಳುತ್ತದೆ. ನಿಮಿಷಕ್ಕೆ 60 ಮಿಲಿಸೆಕೆಂಡ್ ಆಸುಪಾಸು, ಅಂದರೆ ಸುಮಾರು ಎರಡು ಫ್ರೇಮ್ ಜಾರಿದರೆ 29.97 ಎಫ್‌ಪಿಎಸ್‌ನ ಚಿತ್ರವನ್ನು 30 ಎಂದು ಓಡಿಸಲಾಗುತ್ತಿದೆ, ವ್ಯತ್ಯಾಸ 0.1%. ಪ್ರಾಜೆಕ್ಟಿನ ಫ್ರೇಮ್ ರೇಟ್ ಸರಿಮಾಡಿ. ನಿಮಿಷಕ್ಕೆ ಐದು ಸೆಕೆಂಡಿನಷ್ಟು ಜಾರಿ, ದನಿಯ ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಬದಲಾಗಿದ್ದರೆ ಅದು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆದು ಬರೆಯಲಾಗಿದೆ ಎಂಬ ಅಂಕಿ) ಗಲಿಬಿಲಿ: 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಆದದ್ದನ್ನು 44.1 ಎಂದು ಓದಿದರೆ 60 ಸೆಕೆಂಡಿನ ಮಾತು 65.3 ಸೆಕೆಂಡಾಗಿ ದಪ್ಪಗಾಗುತ್ತದೆ, ಉಲ್ಟಾ ಆದರೆ 55.1 ಸೆಕೆಂಡಿಗೆ ಕುಗ್ಗಿ ಕೀರಲಾಗುತ್ತದೆ. ಎಲ್ಲ ಲೇಯರ್‌ಗಳನ್ನೂ ಮೊದಲೇ 48 ಕಿಲೋಹರ್ಟ್ಜ್ ವೇವ್ ಫೈಲುಗಳಾಗಿ ಪರಿವರ್ತಿಸಿಟ್ಟುಕೊಂಡರೆ ಈ ರಗಳೆ ಹತ್ತಿರ ಸುಳಿಯುವುದಿಲ್ಲ. ಬೇರೆ ರೆಕಾರ್ಡರಿನ ಗಡಿಯಾರ ತುಸು ಹಿಂದೆಮುಂದೆ ಓಡುವುದರಿಂದ ಆಗುವ ವ್ಯತ್ಯಾಸ ನಿಮಿಷಕ್ಕೆ ಕೆಲವೇ ಮಿಲಿಸೆಕೆಂಡ್. ಮೂರು ನಿಮಿಷದೊಳಗಿನ ವಿಡಿಯೊಗೆ ಅದರ ಚಿಂತೆ ಬೇಡ.

ತಲೆನೋವು ತರುವುದು ಮೂರನೆಯ ಬಗೆ. ಅಂತರ ಒಂದು ಕಡೆ ಹೆಚ್ಚು, ಮುಂದೆ ಕಡಿಮೆ, ಮತ್ತೆ ಹೆಚ್ಚು. ಇದು ವೇರಿಯಬಲ್ ಫ್ರೇಮ್ ರೇಟ್. ಫೋನ್ 30 ಎಫ್‌ಪಿಎಸ್ ಎಂದು ತೋರಿಸಿದರೂ ಮಬ್ಬು ಬೆಳಕಿನಲ್ಲಿ ಫ್ರೇಮ್‌ಗಳನ್ನು ತಾನಾಗಿ ಕಡಿಮೆ ಮಾಡುತ್ತದೆ. ಒಂದೊಂದು ಫ್ರೇಮ್‌ಗೂ ಹೆಚ್ಚು ಹೊತ್ತು ಬೆಳಕು ಸಿಗಲಿ ಎಂಬುದು ಅದರ ಲೆಕ್ಕಾಚಾರ. ಸ್ಕ್ರೀನ್ ರೆಕಾರ್ಡಿಂಗ್‌ಗಳೂ ಹೀಗೇ. ಫ್ರೇಮ್‌ಗಳೆಲ್ಲ ಸಮಾನ ಅಂತರದಲ್ಲಿವೆ ಎಂದುಕೊಂಡ ಎಡಿಟಿಂಗ್ ಸಾಫ್ಟ್‌ವೇರ್ ಚಿತ್ರವನ್ನು ಹಿಂದೆಮುಂದೆ ಮಾಡುತ್ತದೆ. ಆಡಿಯೊ ಮಾತ್ರ ತನ್ನ ಪಾಡಿಗೆ ಸರಿಯಾಗಿ ಓಡುತ್ತಿರುತ್ತದೆ. ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಫ್ರೇಮ್ ರೇಟ್ ಮೋಡ್ ಎಂಬ ಸಾಲಿನಲ್ಲಿ ವೇರಿಯಬಲ್ ಎಂದಿರುತ್ತದೆ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನ ವಿಡಿಯೊ ವಿಭಾಗದಲ್ಲಿ 30 ಎಫ್‌ಪಿಎಸ್, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಫೈಲನ್ನು ಹೊಸದಾಗಿ ಬರೆಸಿ, ಆಮೇಲೆ ಟೈಮ್‌ಲೈನ್‌ಗೆ ತನ್ನಿ. ಎಡಿಟ್ ಮುಗಿದ ಮೇಲೆ ಮಾಡಿದರೆ ಪ್ರಯೋಜನವಿಲ್ಲ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆಟೊ ಎಫ್‌ಪಿಎಸ್ ಆಫ್ ಮಾಡಬಹುದು. ಅದಕ್ಕಿಂತ ಸುಲಭದ್ದು, ಇನ್ನೊಂದು ದೀಪ ಹಚ್ಚಿ ಶೂಟ್ ಮಾಡುವುದು.

ಎಷ್ಟರ ಮಟ್ಟಿಗೆ ಸರಿಮಾಡಬೇಕು? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಿದ್ದರೇ ನೋಡುಗರಿಗೆ ಗೊತ್ತಾಗುತ್ತದೆ, ಹಿಂದಿದ್ದರೆ ಸುಮಾರು 125ರವರೆಗೂ ಗೊತ್ತಾಗುವುದಿಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ: ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅದು ಉಲ್ಟಾ ಆಗುವುದನ್ನು ಕಣ್ಣು ಕಿವಿ ಎಂದೂ ಕಂಡಿಲ್ಲ. ಹಾಗಾಗಿ ಅನುಮಾನವಿದ್ದರೆ ಆಡಿಯೊವನ್ನು ಒಂದು ಫ್ರೇಮ್ ತಡಮಾಡಿ ಇಡಿ, ಮುಂಚೆ ಇಡಬೇಡಿ.

ಬೀಟ್‌ಗೆ ಕಟ್ ಮಾಡುವವರಿಗೆ ಒಂದು ಮಾತು. 30 ಎಫ್‌ಪಿಎಸ್ ವಿಡಿಯೊದಲ್ಲಿ 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನ ಬೀಟ್‌ಗೆ ಸರಿಯಾಗಿ 15 ಫ್ರೇಮ್, 100ಕ್ಕೆ 18, 90ಕ್ಕೆ 20. ಆದರೆ 110 ಬಿಪಿಎಂಗೆ 16.36 ಫ್ರೇಮ್. ಪ್ರತಿ ಕಟ್ಟನ್ನೂ 16 ಫ್ರೇಮಿಗೆ ಇಡುತ್ತ ಹೋದರೆ ಮೂರನೇ ಬೀಟಿಗೇ ಒಂದು ಫ್ರೇಮ್, ಹದಿನಾಲ್ಕನೆಯದಕ್ಕೆ ಐದು ಫ್ರೇಮ್ ಜಾರಿರುತ್ತದೆ. ಅಳತೆ ಬಿಟ್ಟು ಅಲೆಯ ಚಿತ್ರ ನೋಡಿ ಕಟ್ ಇಡಿ.

ಹತ್ತು ಮೀಟರ್ ದೂರದ ಚೆಂಡೆ

ಯಕ್ಷಗಾನದ ತುಣುಕು ಹಾಕುವವರಿಗೆ ಇದು ಬಿಟ್ಟೂ ಬಿಡದ ತೊಡಕು. ಫೋನ್ ಸ್ಟ್ಯಾಂಡ್‌ನಲ್ಲಿ ಪ್ರೇಕ್ಷಕರ ನಡುವೆ, ರಂಗದಿಂದ 10 ಮೀಟರ್ ಹಿಂದೆ. ಸಣ್ಣದೊಂದು ರೆಕಾರ್ಡರ್ ಹಿಮ್ಮೇಳದ ಪಕ್ಕ. ಭಾಗವತರ ಪದ ರೆಕಾರ್ಡರ್‌ನಲ್ಲಿ ಸ್ವಚ್ಛವಾಗಿ ಬಂದಿದೆ, ಸಭೆಯ ಚಪ್ಪಾಳೆ ಫೋನಿನಲ್ಲಿ ಬಂದಿದೆ. ಎರಡನ್ನೂ ಸೇರಿಸಿದರೆ ಚೆಂಡೆಯ ಒಂದೊಂದು ಪೆಟ್ಟೂ ಎರಡೆರಡು ಪೆಟ್ಟಾಗಿ ಕೇಳುತ್ತದೆ.

10 ಮೀಟರ್ ದಾಟಲು ಸದ್ದಿಗೆ 29 ಮಿಲಿಸೆಕೆಂಡ್ ಬೇಕು. ಅಷ್ಟು ತಡವನ್ನು ಮಾತಿನಲ್ಲಿ ಕಿವಿ ಸಹಿಸುತ್ತದೆ, ಚೆಂಡೆಯ ಚೂಪು ಪೆಟ್ಟಿನಲ್ಲಿ ಸಹಿಸುವುದಿಲ್ಲ. ಫೋನಿನ ಟ್ರ್ಯಾಕನ್ನು 29 ಮಿಲಿಸೆಕೆಂಡ್ ಮುಂಚೆ ತರಬೇಕು. ಆದರೆ ಬಹುತೇಕ ಫೋನ್ ಆ್ಯಪ್‌ಗಳು ಕ್ಲಿಪ್ಪನ್ನು ಒಂದು ಫ್ರೇಮಿಗಿಂತ ಕಡಿಮೆ ಜರುಗಿಸಲು ಬಿಡುವುದಿಲ್ಲ. 33 ಜರುಗಿಸಿದರೆ 4 ಮಿಲಿಸೆಕೆಂಡ್ ಹೆಚ್ಚಾಗಿ, ಎರಡು ಪೆಟ್ಟು ಹೋಗಿ ಡಬ್ಬದ ದನಿ ಬರುತ್ತದೆ. ಇದನ್ನು ಅಡಾಸಿಟಿಯಲ್ಲೇ ಮಾಡಿ: ಎರಡೂ ಟ್ರ್ಯಾಕ್ ಒಂದರ ಕೆಳಗೊಂದು ಇಟ್ಟು, ಒಂಟಿ ಪೆಟ್ಟೊಂದನ್ನು ಹುಡುಕಿ, ಅಲೆ ಥಟ್ಟನೆ ಏಳುವ ಬಿಂದು ಕಾಣುವವರೆಗೆ ಹಿಗ್ಗಿಸಿ, ಎರಡನ್ನೂ ಒಂದೇ ಗೆರೆಗೆ ತನ್ನಿ. 48 ಕಿಲೋಹರ್ಟ್ಜ್‌ನಲ್ಲಿ 1 ಮಿಲಿಸೆಕೆಂಡ್‌ಗೆ 48 ಸ್ಯಾಂಪಲ್ ಇರುವುದರಿಂದ ಜಾಗ ಧಾರಾಳ. ಆಮೇಲೆ ಫೋನಿನ ಟ್ರ್ಯಾಕನ್ನು 10–12 ಡಿಬಿ ಕೆಳಗಿಟ್ಟು, ಚಪ್ಪಾಳೆ ಬರುವಲ್ಲಿ ಮಾತ್ರ ಎತ್ತಿ. ಅಂದಹಾಗೆ ಫೋನಿನ ಚಿತ್ರ ರೆಕಾರ್ಡರಿನ ಸದ್ದಿಗೆ ತಾನಾಗಿ ಹೊಂದುತ್ತದೆ, ಬೆಳಕಿಗೆ ಆ ಹತ್ತು ಮೀಟರ್ ಲೆಕ್ಕಕ್ಕಿಲ್ಲ.

ಚೆಂಡೆ ಬಡಿದಾಗಲೆಲ್ಲ ಹಾಡು ಕುಗ್ಗಿ ಮತ್ತೆ ಮೆಲ್ಲಗೆ ಮೇಲೇಳುತ್ತಿದ್ದರೆ ಅದು ಫೋನಿನ ಆಟೊ ಗೇನ್, ಅಂದರೆ ರೆಕಾರ್ಡಿಂಗ್ ಮಟ್ಟವನ್ನು ಫೋನ್ ತಾನೇ ಏರಿಸಿ ಇಳಿಸುವುದು. ರೆಕಾರ್ಡ್ ಆದ ಮೇಲೆ ಅದಕ್ಕೆ ಪರಿಹಾರವಿಲ್ಲ. ಗೇನ್ ಕೈಯಲ್ಲೇ ಇಡಬಹುದಾದ ರೆಕಾರ್ಡಿಂಗ್ ಆ್ಯಪ್ ಬಳಸಿ. ಚೆಂಡೆಯ ಜೋರಿನ ಪೆಟ್ಟು ಮೀಟರಿನಲ್ಲಿ −12 ಡಿಬಿ ದಾಟದ ಹಾಗೆ ಹೊಂದಿಸಿ. ಪೀಠಿಕೆ ನೋಡಿ ಗೇನ್ ಇಟ್ಟರೆ ಅಬ್ಬರದ ಪ್ರವೇಶಕ್ಕೆ ಸಾಲುವುದಿಲ್ಲ, ಇನ್ನೂ 6 ಡಿಬಿ ಜಾಗ ಬಿಡಿ.

ಬಿಜಿಎಂ ಮಾತನ್ನು ನುಂಗುತ್ತಿದೆ

ಮಾತಿರುವಾಗ ಬಿಜಿಎಂ ಮಾತಿಗಿಂತ 15ರಿಂದ 18 ಡಿಬಿ ಕೆಳಗಿರಲಿ, ಮಾತಿಲ್ಲದ ಕಡೆ 8–10 ಡಿಬಿ ಕೆಳಗಿದ್ದರೆ ಸಾಕು. ಆ್ಯಪ್‌ನಲ್ಲಿ ಡಿಬಿ ಇಲ್ಲ, ಶೇಕಡಾ ಮಾತ್ರ ಇದೆಯೇ? ಸ್ಲೈಡರ್ ಸರಳ ಅನುಪಾತದ್ದಾಗಿದ್ದರೆ 50% ಎಂದರೆ −6 ಡಿಬಿ, 25% ಎಂದರೆ −12, 12% ಎಂದರೆ ಸುಮಾರು −18. 50%ಕ್ಕೆ ಇಳಿಸಿ ಇನ್ನೂ ಜೋರಾಗಿದೆಯಲ್ಲ ಎಂದು ಬೇಸರಿಸುವವರು ಇಳಿಸಿರುವುದು ಬರೀ 6 ಡಿಬಿ.

ಇಷ್ಟು ಇಳಿಸಿದ ಮೇಲೂ ಮಾತು ಅಸ್ಪಷ್ಟವಾಗಿದ್ದರೆ ತೊಂದರೆ ಮಟ್ಟದ್ದಲ್ಲ, ಜಾಗದ್ದು. ವ್ಯಂಜನಗಳು ತಿಳಿಯುವುದು 1ರಿಂದ 4 ಕಿಲೋಹರ್ಟ್ಜ್ ನಡುವೆ. ವಯೊಲಿನ್, ಹಾರ್ಮೋನಿಯಂ, ಹಾಡುವವರ ದನಿ ಎಲ್ಲ ಬಂದು ಕೂರುವುದೂ ಅಲ್ಲೇ. ಬಿಜಿಎಂನಲ್ಲಿ ಈ ಭಾಗವನ್ನು 3–4 ಡಿಬಿ ಅಗಲವಾಗಿ ತಗ್ಗಿಸಿ. ಮಾತಿನ ಟ್ರ್ಯಾಕಿಗೆ 80–100 ಹರ್ಟ್ಜ್‌ನಲ್ಲಿ ಹೈಪಾಸ್ ಹಾಕಿ, ಅದಕ್ಕಿಂತ ಕೆಳಗಿನ ಗುಡುಗುಡು ಹೋಗುತ್ತದೆ. ಸಾಹಿತ್ಯವಿರುವ ಹಾಡನ್ನು ಮಾತಿನ ಕೆಳಗೆ ಹಾಕುವುದನ್ನು ಮಾತ್ರ ಬಿಟ್ಟುಬಿಡಿ. ಕೇಳುಗರಿಗೆ ಗೊತ್ತಿರುವ ಭಾಷೆಯ ಹಾಡಾದರಂತೂ ಕಿವಿ ಅದರ ಹಿಂದೆಯೇ ಹೋಗುತ್ತದೆ, ಯಾವ ಈಕ್ವಲೈಸರ್‌ಗೂ ಜಗ್ಗುವುದಿಲ್ಲ.

ಆಟೊ ಡಕಿಂಗ್ ಹಾಕಿದರೆ ಒಗ್ಗರಣೆಯೂ ಕಾಣೆಯಾಗುವುದುಂಟು. ಮಾತು ಬಂದಾಗ ಉಳಿದೆಲ್ಲ ಲೇಯರ್ ತಗ್ಗಿಸು ಎಂಬುದೇ ಡಕಿಂಗ್. ಅದಕ್ಕೆ ಒಗ್ಗರಣೆಯೂ ಒಂದೇ, ಕೊಳಲೂ ಒಂದೇ. ಒಗ್ಗರಣೆಯ ಲೇಯರ್‌ಗೆ ಡಕಿಂಗ್ ತೆಗೆದುಹಾಕಿ. ಆದರೂ ಸಾಸಿವೆಯ ಚಟಪಟಕ್ಕೂ ಮಾತಿನ ಸ, ಶ, ಚಗಳಿಗೂ ಮೇಲಿನ ಕಂಪನಾಂಕಗಳಲ್ಲಿ ಕಿತ್ತಾಟ ತಪ್ಪಿದ್ದಲ್ಲ. ‘ಎಣ್ಣೆ ಕಾದ ಮೇಲೆ ಸಾಸಿವೆ ಹಾಕಿ’ ಎಂದು ಹೇಳಿ ಒಂದೂವರೆ ಸೆಕೆಂಡ್ ಬಾಯಿ ಮುಚ್ಚಿ. ಆ ಬಿಡುವಿನಲ್ಲಿ ಸಾಸಿವೆ ಸಿಡಿಯಲಿ, ಆಮೇಲೆ ‘ಕರಿಬೇವು’ ಎನ್ನಿ. ಡಕಿಂಗ್ ಇಳಿಯಲು 100 ಮಿಲಿಸೆಕೆಂಡ್, ಏರಲು 500 ಕೊಡಿ. ಏರಿಕೆ ಚುರುಕಾದರೆ ಪ್ರತಿ ಪದದ ನಡುವೆಯೂ ಬಿಜಿಎಂ ಏದುಸಿರು ಬಿಟ್ಟ ಹಾಗಾಗುತ್ತದೆ.

ತಬಲಾದ ಬಾಯಾಂ, ಬೇಸ್ ಗಿಟಾರ್ ಫೋನಿನಲ್ಲಿ ಕೇಳುತ್ತಿಲ್ಲ ಎಂದು ವಾಲ್ಯೂಮ್ ಏರಿಸಬೇಡಿ. ಸಣ್ಣ ಸ್ಪೀಕರ್‌ಗಳಿಗೆ 200–300 ಹರ್ಟ್ಜ್ ಕೆಳಗೆ ದಮ್ಮಿಲ್ಲ.

ಎಲ್ಲ ಸೇರಿದಾಗ ಸೌಂಡ್ ಒಡೆಯುತ್ತದೆ

ಒಂದೇ ಸದ್ದಿನ ಎರಡು ಪ್ರತಿ ಕೂಡಿದರೆ 6 ಡಿಬಿ ಏರುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಮಮಟ್ಟದ ಸದ್ದು ಕೂಡಿದರೆ ಸರಾಸರಿ 3 ಡಿಬಿ. ಮೂರು ಲೇಯರ್‌ಗಳನ್ನೂ −1 ಡಿಬಿಗೆ ತಂದಿಟ್ಟು ಸೇರಿಸಿದರೆ 0 ದಾಟುವುದು ಖಂಡಿತ. ಡಿಜಿಟಲ್‌ನಲ್ಲಿ ಅದರಾಚೆ ಜಾಗವಿಲ್ಲ, ಅಲೆಯ ತಲೆ ಕತ್ತರಿಸಿಹೋಗುತ್ತದೆ. ಎಕ್ಸ್‌ಪೋರ್ಟ್ ಆದ ಫೈಲನ್ನು ಅಡಾಸಿಟಿಯಲ್ಲಿ ನೋಡಿದರೆ ಕತ್ತರಿ ಹಾಕಿದ ಬೇಲಿಯ ಹಾಗೆ ಮೇಲೆ ಚಪ್ಪಟೆ. ಆ ಫೈಲಿನ ವಾಲ್ಯೂಮ್ ತಗ್ಗಿಸಿದರೆ ಬೇಲಿ ಗಿಡ್ಡವಾಗುತ್ತದೆ, ಚಪ್ಪಟೆ ಹೋಗುವುದಿಲ್ಲ. ಟೈಮ್‌ಲೈನ್‌ಗೆ ವಾಪಸ್ ಹೋಗಿ ಪ್ರತಿ ಲೇಯರನ್ನೂ 6 ಡಿಬಿ ಇಳಿಸಿ. ಲಿಮಿಟರ್ (ಮಟ್ಟ ಮಿತಿ ದಾಟದಂತೆ ತಡೆಯುವ ಆಯ್ಕೆ) ಇದ್ದರೆ ಕೊನೆಯಲ್ಲಿ −1 ಡಿಬಿಗೆ ಇಡಿ. ಆ 1 ಡಿಬಿಯನ್ನೂ ತಿಂದುಬಿಡಬೇಡಿ: ಎಎಸಿಗೆ (ವಿಡಿಯೊ ಫೈಲಿನಲ್ಲಿ ಸದ್ದನ್ನು ಕುಗ್ಗಿಸಿಡುವ ಬಗೆ) ಪರಿವರ್ತನೆ ಆಗುವಾಗ ಅಲೆಯ ತುದಿ ಸ್ವಲ್ಪ ಮೇಲೆ ಚಾಚುತ್ತದೆ.

ಚಿಲ್ಲರೆ ಕಾಟಗಳು

ಕಟ್ ಮಾಡಿದ ಜಾಗದಲ್ಲಿ ಟಪ್ ಎಂದರೆ ಅಲೆಯನ್ನು ಏರಿನಲ್ಲೇ ಕಡಿದಿದ್ದೀರಿ. 5–10 ಮಿಲಿಸೆಕೆಂಡ್ ಫೇಡ್ ಕೊಡಿ.

ತಂಬೂರಿ ಲೂಪ್ ಪ್ರತಿ ಸುತ್ತಿಗೂ ಮುಗ್ಗರಿಸಿದರೆ ಫೈಲ್ ಎಂಪಿ3 ಆಗಿರುತ್ತದೆ. ಎಂಪಿ3, ಎಎಸಿ ಎರಡರಲ್ಲೂ ಶುರುವಿಗೆ 25ರಿಂದ 50 ಮಿಲಿಸೆಕೆಂಡ್ ಖಾಲಿ ಸೇರಿಕೊಳ್ಳುತ್ತದೆ. ವೇವ್‌ಗೆ ಬದಲಿಸಿ ಆ ಖಾಲಿಯನ್ನು ಕತ್ತರಿಸಿ.

ಗುಂಯ್ ಎಂಬ ಒಂದೇ ಸಮನೆಯ ಸದ್ದು ಕರೆಂಟಿನದು. ನಮ್ಮಲ್ಲಿ 50 ಹರ್ಟ್ಜ್, ಜೊತೆಗೆ 100, 150. ಆ ಮೂರರಲ್ಲೂ ನಾಚ್ (ಒಂದು ಕಂಪನಾಂಕವನ್ನಷ್ಟೇ ತೆಗೆಯುವ ಫಿಲ್ಟರ್) ಹಾಕಬಹುದು, ಆದರೆ ಚಾರ್ಜರ್ ಕಿತ್ತು ರೆಕಾರ್ಡ್ ಮಾಡಿದರೆ ಹೆಚ್ಚಿನ ಸಲ ಅದೇ ಹೋಗುತ್ತದೆ.

ನೀರೊಳಗಿಂದ ಮಾತಾಡಿದ ಹಾಗಿದ್ದರೆ ನಾಯ್ಸ್ ರಿಡಕ್ಷನ್ ಅತಿಯಾಗಿದೆ. 6ರಿಂದ 12 ಡಿಬಿಗೆ ನಿಲ್ಲಿಸಿ, ಉಳಿದ ಗಲಾಟೆಯನ್ನು ಬಿಜಿಎಂ ಮುಚ್ಚುತ್ತದೆ. ಊರಿನಿಂದ ಅತ್ತೆಯೋ ಅಜ್ಜಿಯೋ ವಾಟ್ಸ್‌ಆ್ಯಪ್ ವಾಯ್ಸ್ ನೋಟಲ್ಲಿ ಹೇಳಿ ಕಳಿಸಿದ ಮಾತು ಮಂಕಾಗಿ ಕೇಳಿದರೆ ತಪ್ಪು ಅವರದಲ್ಲ. ಅದು ಬಿಗಿಯಾಗಿ ಕುಗ್ಗಿಸಿದ ಓಪಸ್ ಫೈಲ್. ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ಹೇಳಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿಕೊಡಿ.

ಅಪ್‌ಲೋಡ್ ಆದ ಮೇಲೆ ಕೆಟ್ಟರೆ

ಯೂಟ್ಯೂಬ್ ಸುಮಾರು −14 ಎಲ್‌ಯುಎಫ್‌ಎಸ್‌ಗಿಂತ (ಇಡೀ ವಿಡಿಯೊದ ಸರಾಸರಿ ಜೋರಿನ ಅಳತೆ) ಜೋರಾಗಿರುವುದನ್ನು ತಗ್ಗಿಸುತ್ತದೆ. ಮೆಲ್ಲಗಿರುವುದನ್ನು ಎತ್ತುತ್ತದೆ ಎಂದು ನಂಬಿ ಕೂರಬೇಡಿ. ಬಿಜಿಎಂ ಜೋರಾಗಿಟ್ಟು ಒಟ್ಟು ಮಟ್ಟ ಏರಿಸಿದ್ದರೆ ತಗ್ಗುವಾಗ ಮಾತೂ ಜೊತೆಗೇ ತಗ್ಗುತ್ತದೆ. ಒಟ್ಟು −14ರ ಆಸುಪಾಸು, ತುದಿ −1 ಡಿಬಿ, 48 ಕಿಲೋಹರ್ಟ್ಜ್, ಎಎಸಿ 256 ಕೆಬಿಪಿಎಸ್‌ಗೆ ಎಕ್ಸ್‌ಪೋರ್ಟ್ ಮಾಡಿ.

ಹಾಡನ್ನು ಎಡಿಟ್‌ನಲ್ಲೂ ಕೂರಿಸಿ, ಟ್ರೆಂಡಿಂಗ್ ಆಡಿಯೊ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಅದೇ ಹಾಡನ್ನು ಮತ್ತೆ ಸೇರಿಸುವುದು ಈಗಿನ ರೂಢಿ. ಎರಡೂ ಕೇಳುವ ಮಟ್ಟದಲ್ಲಿದ್ದರೆ ಒಂದೆರಡು ಫ್ರೇಮ್ ಹೆಚ್ಚುಕಡಿಮೆಯಾಗಿ ಹಾಡು ವಿಮಾನ ಹಾರಿದ ಹಾಗೆ ಸುಳಿಸುಳಿದು ಕೇಳುತ್ತದೆ. ಒಂದನ್ನು ಪೂರ್ತಿ ಸೊನ್ನೆಗೆ ಇಳಿಸಿ. ಬೀಟ್‌ಗೆ ಕಟ್ ಮಾಡಿದ ವಿಡಿಯೊ ಆದರೆ ಎಡಿಟ್‌ನಲ್ಲಿ ಹಾಡು ಇಟ್ಟೇ ಕಟ್ ಮಾಡಿ, ಎಕ್ಸ್‌ಪೋರ್ಟ್‌ಗೆ ಮೊದಲು ಅದನ್ನು ಮ್ಯೂಟ್ ಮಾಡಿ, ಆ್ಯಪ್‌ನ ಹಾಡನ್ನು ಅದೇ ಸಾಲಿನಿಂದ ಶುರುವಾಗುವ ಹಾಗೆ ಹೊಂದಿಸಿ.

ಸದ್ದು ಪೂರ್ತಿ ಹೋಗಿದ್ದರೆ ಲೇಯರ್‌ಗಳನ್ನು ಕೆದಕಬೇಡಿ, ಹಕ್ಕುಸ್ವಾಮ್ಯದ ನೋಟಿಸ್ ಬಂದಿದೆಯೇ ನೋಡಿ. ಮಾತು, ಹಾಡು ಒಂದೇ ಫೈಲಲ್ಲಿ ಬೆಸೆದುಹೋಗಿದ್ದರೆ ಹಾಡಿನ ಜೊತೆ ಮಾತೂ ಮ್ಯೂಟ್ ಆಗುತ್ತದೆ. ಯೂಟ್ಯೂಬ್‌ನಲ್ಲಿ ಒಂದು ನಿಮಿಷಕ್ಕಿಂತ ಉದ್ದದ ಶಾರ್ಟ್ಸ್‌ಗೆ ಕಂಟೆಂಟ್ ಐಡಿ ಕ್ಲೇಮ್ (ಹಾಡಿನ ಹಕ್ಕುದಾರರ ದಾವೆ) ಬಿದ್ದರೆ ವಿಡಿಯೊವೇ ಬ್ಲಾಕ್ ಆಗಬಹುದು. ಬಿಜಿಎಂ ಇಲ್ಲದ ಎಕ್ಸ್‌ಪೋರ್ಟ್ ಒಂದನ್ನು ಪ್ರತಿ ಸಲವೂ ಪಕ್ಕಕ್ಕೆ ತೆಗೆದಿಡಿ. ಹಾಡು ಬದಲಿಸಿ ಮತ್ತೆ ಹಾಕಲು ಹತ್ತು ನಿಮಿಷ ಸಾಕು. ಹಾಕುವಾಗ ಮೊದಲು ಪ್ರೈವೇಟ್ ಅಥವಾ ಅನ್‌ಲಿಸ್ಟೆಡ್ ಇಟ್ಟು, ಮನೆಯಲ್ಲಿರುವ ಹಳೇ ಫೋನಿನ ಸ್ಪೀಕರ್‌ನಲ್ಲಿ, ಫ್ಯಾನ್ ತಿರುಗುತ್ತಿರುವಾಗಲೇ ಒಮ್ಮೆ ಕೇಳಿ.